ಈ ಫೋಟೋ ಎಡಿಟ್ ಮಾಡ್ಬೇಕಾ, ಬಿಡ್ಬೇಕಾ? ವೈಜಾಪುರದ ಆರು ಚಿತ್ರ, ನಾಲ್ಕು ಪ್ರಶ್ನೆ



ನಮ್ಮ ಈ ವಾರದ ವಿಡಿಯೋದ ಬರಹ ರೂಪ ಇದು. ಹೆಡ್‌ಫೋನ್ ಹಾಕ್ಕೊಂಡು ಕೂರೋಕೆ ಆಗದೋರು, ನೋಡೋದಕ್ಕಿಂತ ಓದೋದೇ ಸುಲಭ ಅನ್ನೋರು ಇಲ್ಲಿ ಓದ್ಕೋಬಹುದು. ಮಾತಲ್ಲಿ ಹೇಳಿದ್ದನ್ನ ಸ್ವಲ್ಪ ಒಪ್ಪ ಮಾಡಿದ್ದೀನಿ. ಪರದೆ ಮೇಲೆ ತೋರಿಸಿದ ಚಿತ್ರಗಳನ್ನ ಇಲ್ಲಿ ಮಾತಲ್ಲೇ ವಿವರಿಸಿದ್ದೀನಿ.

ವಿಷಯ ಇದು. ವೀಕೆಂಡ್ ಟ್ರಿಪ್ಪಿಗೆ ಹೋಗ್ತೀವಿ, ಮುನ್ನೂರು ನಾನೂರು ಫೋಟೋ ತೆಗೀತೀವಿ. ವಾಪಸ್ ಬಂದ್ಮೇಲೆ ನೋಡಿದ್ರೆ, ಚೆನ್ನಾಗಿ ಬಂದಿರೋದು ಕೆಲವು, ಪೂರ್ತಿ ಹಾಳಾಗಿರೋದು ಕೆಲವು. ಈ ಎರಡರ ಬಗ್ಗೆ ತಲೆಬಿಸಿ ಇಲ್ಲ. ತಲೆ ತಿನ್ನೋದು ನಡುವೆ ಇರೋ ರಾಶಿ. ಆಕಾಶ ಬೆಳ್ಳಗಾಗಿದೆ, ಆದ್ರೆ ಬೆಟ್ಟ ಚೆನ್ನಾಗಿದೆ. ಕತ್ತಲಾಗಿದೆ, ಆದ್ರೆ ಏನೋ ಇದೆ. ಸೊಟ್ಟಗಿದೆ, ತಂತಿ ಅಡ್ಡ ಬಂದಿದೆ, ಸ್ವಲ್ಪ ಅಲ್ಲಾಡಿದೆ. ಇವುಗಳಲ್ಲಿ ಯಾವುದಕ್ಕೆ ಕೈ ಹಾಕಬೇಕು? ಹಾಕಿದ್ರೆ ಒಂದೊಂದಕ್ಕೆ ಅರ್ಧ ಗಂಟೆ. ನೋಡ್ತಾ ನೋಡ್ತಾ ಭಾನುವಾರ ಮುಗಿದು ಹೋಗತ್ತೆ, ಸೋಮವಾರ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಕಾಲ್ ಬಂದೇ ಬಿಡತ್ತೆ.

ಆಫೀಸಲ್ಲಿ ನಾವು ಹೀಗೆ ಮಾಡಲ್ಲ, ಅಲ್ವಾ? ಬಗ್ ಬಂದ ತಕ್ಷಣ ಕೋಡ್ ತೆಗೆದು ಕೂರಲ್ಲ. ಮೊದಲು ಟ್ರಯಾಜ್ ಮಾಡ್ತೀವಿ. ಇದು ನಿಜವಾಗ್ಲೂ ಬಗ್ಗಾ? ಸರಿ ಮಾಡೋಕೆ ಆಗತ್ತಾ? ಸರಿ ಮಾಡಿದ್ರೆ ಯಾರಿಗಾದ್ರೂ ಉಪಯೋಗ ಇದೆಯಾ? ಎಷ್ಟೋ ಬಗ್‌ಗಳನ್ನ ‘ವೋಂಟ್ ಫಿಕ್ಸ್’ ಅಂತ ಮುಚ್ಚಿ ಮುಂದೆ ಹೋಗ್ತೀವಿ. ಅದನ್ನೇ ಫೋಟೋಗೂ ಮಾಡೋಣ ಅನ್ನೋದು ಇವತ್ತಿನ ಮಾತು. ಇದರಲ್ಲಿ ತಪ್ಪಿನ ಗಾತ್ರ ಅಷ್ಟು ಮುಖ್ಯ ಅಲ್ಲ. ಆ ತಪ್ಪಿನ ಹಿಂದೆ ಒಂದು ಚಿತ್ರ ಇದೆಯಾ, ಅದನ್ನ ನೋಡ್ಬೇಕು.

ಉದಾಹರಣೆಗೆ ವೈಜಾಪುರ ಯಾಕೆ?

ಪುಣೆಯಲ್ಲಿರೋ ನಮ್ಮವರಿಗೆ ಈ ದಾರಿ ಗೊತ್ತಿರತ್ತೆ. ಊರಿಂದ ಅಪ್ಪ ಅಮ್ಮ ಬಂದ್ರೆ ಶಿರಡಿ, ಅಲ್ಲಿಂದ ಎಲ್ಲೋರಾ. ನಡುವೆ ಸಿಗೋ ಊರು ವೈಜಾಪುರ. ಸಂಭಾಜಿನಗರ ಜಿಲ್ಲೆಯ ತಾಲೂಕು ಕೇಂದ್ರ, ನಾಸಿಕ್ ಜಿಲ್ಲೆಯ ಯೇವಲಾ ಪಕ್ಕದಲ್ಲೇ. ಹೆಚ್ಚಿನವರು ಇಲ್ಲಿ ಚಹಾ ಕುಡಿದು ಮುಂದೆ ಹೋಗ್ತಾರೆ. ಹೆಸರಾದ ಜಲಪಾತ ಇಲ್ಲ, ವ್ಯೂ ಪಾಯಿಂಟ್ ಇಲ್ಲ. ದಖ್ಖನ್ನಿನ ಕಪ್ಪು ಮಣ್ಣಿನ ಬಯಲು, ಹತ್ತಿ, ಮೆಕ್ಕೆಜೋಳ, ಈರುಳ್ಳಿ, ದೂರದಲ್ಲಿ ಮೇಜಿನ ಹಾಗೆ ತಲೆ ಚಪ್ಪಟೆಯಾದ ಬಸಾಲ್ಟ್ ಬೆಟ್ಟಗಳು, ತಾಲೂಕಿನ ದಕ್ಷಿಣದ ಅಂಚಿಗೆ ಗೋದಾವರಿ.

ಲ್ಯಾಂಡ್‌ಸ್ಕೇಪ್ ಕಲಿಯೋಕೆ ಇಂಥ ಜಾಗವೇ ಒಳ್ಳೇದು. ಮುನ್ನಾರಲ್ಲಿ, ಕೊಡಗಲ್ಲಿ ಜಾಗವೇ ಅರ್ಧ ಕೆಲಸ ಮಾಡ್ಕೊಡತ್ತೆ. ಬಯಲು ಹಾಗೆ ಮಾಡ್ಕೊಡಲ್ಲ. ಇಲ್ಲಿ ಬೆಳಕು ಇದ್ರೆ ಚಿತ್ರ ಇದೆ, ಇಲ್ಲ ಅಂದ್ರೆ ಇಲ್ಲ.

ಕಳೆದ ಮೇ ಕೊನೇ ವಾರ ನಮ್ಮ ಗೆಳೆಯರ ಗುಂಪೊಂದು ಆ ಕಡೆ ಹೋಗಿತ್ತು. ಅವರ ಆರು ಫೋಟೋ ಕೇಳಿ ತಗೊಂಡಿದ್ದೀನಿ. ಆರರಲ್ಲೂ ಏನಾದ್ರೂ ಒಂದು ಐಬಿದೆ. ಒಂದೊಂದಾಗಿ ನೋಡೋಣ.

ಪ್ರಶ್ನೆ 1: ತಪ್ಪೇ ಇಲ್ಲ ಅಂದ್ಕೊಳ್ಳಿ, ಆಗ ಈ ಫೋಟೋ ಇಟ್ಕೊಳ್ತೀರಾ?

ಮೊದಲ ಚಿತ್ರ: ಮಧ್ಯಾಹ್ನದ ಹೊಲ. ಉತ್ತು ಮಳೆಗೆ ಕಾಯ್ತಾ ಇರೋ ಕಪ್ಪು ನೆಲ, ನಡುವೆ ಒಂದು ಬೇವಿನ ಮರ, ಮೇಲೆ ಬಿಳಿಚಿದ ಆಕಾಶ. ಫೋಕಸ್ ಸರಿ ಇದೆ, ನೇರವಾಗಿದೆ. ಐಬು ಒಂದೇ, ಆಕಾಶ ಸಪ್ಪೆ. ಸಾಮಾನ್ಯವಾಗಿ ಏನು ಮಾಡ್ತೀವಿ? ಡಿಹೇಜ್ ಎಳೀತೀವಿ, ನೀಲಿ ಹೆಚ್ಚಿಸ್ತೀವಿ, ಸ್ವಲ್ಪ ಚಿನ್ನದ ಬಣ್ಣ ಬಳೀತೀವಿ, ‘ಸಂಜೆ ಫೀಲ್’ ಬರ್ಲಿ ಅಂತ.

ಈಗ ಮನಸ್ಸಲ್ಲೇ ಆಕಾಶ ಸರಿ ಮಾಡಿ ನೋಡಿ. ಒಳ್ಳೆ ನೀಲಿ, ಎರಡು ಮೋಡ. ಆಮೇಲೆ? ಮರ ಇದೆ, ಹೊಲ ಇದೆ, ಅಷ್ಟೇ. ಕಣ್ಣು ಎಲ್ಲೂ ನಿಲ್ಲಲ್ಲ. ಯಾಕೆ ಅಂದ್ರೆ ಈ ಚಿತ್ರದ ನಿಜವಾದ ಕೊರತೆ ಆಕಾಶದ್ದಲ್ಲ, ಬೆಳಕಿನ ದಿಕ್ಕಿನದು. ವೈಜಾಪುರ ಹೆಚ್ಚು ಕಡಿಮೆ 20 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೂರನೇ ವಾರದ ಹೊತ್ತಿಗೆ ಅಲ್ಲಿ ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ ಸೂರ್ಯ ನೆತ್ತಿ ಮೇಲೇ ಇರ್ತಾನೆ. ಮರದ ನೆರಳು ಮರದ ಬುಡದಲ್ಲೇ ಬಿದ್ದಿರತ್ತೆ. ಉತ್ತ ಸಾಲುಗಳಿಗೆ ನೆರಳಿನ ಪಕ್ಕ ಇಲ್ಲ, ಹಾಗಾಗಿ ನೆಲ ಚಪ್ಪಟೆ ಬಟ್ಟೆ ಹಾಸಿದ ಹಾಗೆ ಕಾಣತ್ತೆ. ಸಾಫ್ಟ್‌ವೇರಲ್ಲಿ ಎಷ್ಟು ಬೇಕಾದ್ರೂ ಕಿತ್ತಳೆ ಬಣ್ಣ ಹಾಕಿ, ನೆರಳು ಉದ್ದ ಆಗಲ್ಲ. ನೋಡೋರಿಗೆ ಕಾರಣ ಗೊತ್ತಾಗದೆ ಇರಬಹುದು, ಆದ್ರೆ ‘ಏನೋ ಸುಳ್ಳು’ ಅನ್ನೋದು ಗೊತ್ತಾಗತ್ತೆ.

ಈ ಪ್ರಶ್ನೆಗೆ ಉತ್ತರ ಕಂಡ್ಕೊಳ್ಳೋಕೆ ಎರಡು ಸುಲಭದ ಪರೀಕ್ಷೆ ಇದೆ. ಒಂದು, ಫೋಟೋನ ಅಂಚೆಚೀಟಿ ಗಾತ್ರಕ್ಕೆ ಚಿಕ್ಕದು ಮಾಡಿ ನೋಡಿ. ಗ್ಯಾಲರಿಯ ಥಂಬ್‌ನೇಲ್ ಸಾಕು. ಅಷ್ಟು ಚಿಕ್ಕದರಲ್ಲೂ ಒಂದು ಆಕಾರ, ಒಂದು ಬೆಳಕು ಕಣ್ಣಿಗೆ ಹೊಡೆದ್ರೆ ಚಿತ್ರಕ್ಕೆ ಬೆನ್ನೆಲುಬು ಇದೆ ಅಂತ. ಎರಡು, ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ. ಬಣ್ಣ ನಮ್ಮನ್ನ ಬೇಗ ಮರುಳು ಮಾಡತ್ತೆ. ಬಣ್ಣ ಹೋದ ಮೇಲೆ ಉಳಿಯೋದು ಬೆಳಕು, ನೆರಳು, ಆಕಾರ ಮಾತ್ರ. ಬೇವಿನ ಮರದ ಫೋಟೋ ಎರಡರಲ್ಲೂ ನಿಲ್ಲಲಿಲ್ಲ.

ತೀರ್ಪು: ಬಿಟ್ಬಿಡಿ. ಇಷ್ಟು ಹೇಳೋಕೆ ಬೇಕಾಗಿದ್ದು ಅರ್ಧ ನಿಮಿಷ.

ಪ್ರಶ್ನೆ 2: ಬೇಕಾದ್ದು ಕಳೆದುಹೋಗಿದೆಯಾ, ಅಡಗಿದೆಯಾ?

ಮೊದಲ ಪ್ರಶ್ನೆ ದಾಟಿ ಬಂದ ಫೋಟೋಗೆ ಮಾತ್ರ ಈ ಪ್ರಶ್ನೆ. ಇದು ಪೂರ್ತಿ ತಾಂತ್ರಿಕ. ಒಮ್ಮೆ ಅರ್ಥ ಆದ್ರೆ ಜೀವನಪೂರ್ತಿ ಉಪಯೋಗಕ್ಕೆ ಬರತ್ತೆ.

ಎರಡನೇ ಚಿತ್ರ: ಸರಾಲಾ ಬೇಟ್ ಹತ್ತಿರ ಗೋದಾವರಿ ದಡ, ಸೂರ್ಯ ಮುಳುಗಿದ ಮೇಲೆ. ಬೇಟ್ ಅಂದ್ರೆ ನಡುಗಡ್ಡೆ. ಬೇಸಿಗೆ ಕೊನೆ, ನೀರು ಕಡಿಮೆ, ಅಲ್ಲಲ್ಲಿ ಮಡುಗಟ್ಟಿ ನಿಂತಿದೆ. ಆಕಾಶದ ಬಣ್ಣ ಚೆನ್ನಾಗಿ ಬಂದಿದೆ, ಆದ್ರೆ ಕೆಳಗಿನ ಅರ್ಧ ಹೆಚ್ಚು ಕಡಿಮೆ ಕಪ್ಪು.

ಮೂರನೇ ಚಿತ್ರ: ಅದೇ ಜಾಗ, ಅರ್ಧ ಗಂಟೆ ಮುಂಚೆ, ಇನ್ನೊಬ್ಬರ ಫೋನಲ್ಲಿ. ಇಲ್ಲಿ ದಡ, ಬಂಡೆ, ನೀರು ಎಲ್ಲಾ ಕಾಣತ್ತೆ. ಆದ್ರೆ ಸೂರ್ಯ ಇರೋ ಕಡೆ ದೊಡ್ಡ ಬಿಳಿ ತೂತು.

ಮೇಲ್ನೋಟಕ್ಕೆ ಮೂರನೆಯದೇ ವಾಸಿ. ಆದ್ರೆ ಉಳಿಸಬಹುದಾದ್ದು ಎರಡನೆಯದು. ಯಾಕೆ ನೋಡಿ.

ಸೆನ್ಸರನ್ನ ಸಾಲಾಗಿ ಇಟ್ಟ ಬಕೆಟ್‌ಗಳು ಅಂದ್ಕೊಳ್ಳಿ. ಬೆಳಕು ನೀರು. ಬಕೆಟ್ ತುಂಬಿ ಹರಿದ್ರೆ, ಎಷ್ಟು ಹರೀತು ಅನ್ನೋ ಲೆಕ್ಕ ಉಳಿಯಲ್ಲ. ಹತ್ತು ಲೀಟರಿನ ಬಕೆಟ್ಟಿಗೆ ಹನ್ನೊಂದು ಬಿದ್ರೂ ಐವತ್ತು ಬಿದ್ರೂ ಅದು ‘ಹತ್ತು’ ಅಂತಾನೇ ಹೇಳತ್ತೆ. ಕೆಂಪು, ಹಸಿರು, ನೀಲಿ ಮೂರೂ 255ಕ್ಕೆ ಮುಟ್ಟಿದ ಜಾಗ ಅಂದ್ರೆ ಇದೇ. ಹೈಲೈಟ್ಸ್ ಇಳಿಸಿದ್ರೆ ಬಿಳಿ ತೂತು ಬೂದು ತೂತು ಆಗತ್ತೆ ಅಷ್ಟೇ, ಮೋಡ ವಾಪಸ್ ಬರಲ್ಲ. ಅದು ಕಳೆದುಹೋಗಿದ್ದು.

ತಳದಲ್ಲಿ ಸ್ವಲ್ಪವೇ ನೀರಿದ್ರೆ ಹಾಗಲ್ಲ. ಕಡಿಮೆ ಇದ್ರೂ ಲೆಕ್ಕ ಇದೆ. ಪಕ್ಕದ ಬಕೆಟ್ಟಿಗೂ ಇದಕ್ಕೂ ಇರೋ ವ್ಯತ್ಯಾಸ ದಾಖಲಾಗಿದೆ. ಅದನ್ನ ಗುಣಿಸಿ ಮೇಲೆತ್ತಬಹುದು. ಇದು ಅಡಗಿದ್ದು. ಆದ್ರೆ ಗುಣಿಸುವಾಗ ಕಸರು ಕೂಡ ಗುಣಾಕಾರ ಆಗತ್ತೆ. ಮೂರು ಸ್ಟಾಪ್ ಮೇಲೆತ್ತಿದ್ರೆ ಎಂಟು ಪಟ್ಟು. ಅದಕ್ಕೇ ಕತ್ತಲೆ ಭಾಗದಲ್ಲಿ ಮರಳು ಎರಚಿದ ಹಾಗೆ ಕಾಣೋದು.

ಇಲ್ಲಿ ಫೈಲ್ ಯಾವುದು ಅನ್ನೋದೂ ಮುಖ್ಯ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಲ್ಲಿ 16,384. ಗೋದಾವರಿಯ ಎರಡನೇ ಚಿತ್ರ ರಾ ಫೈಲ್ ಆಗಿತ್ತು. ಕೆಳಗಿನ ಅರ್ಧಕ್ಕೆ ಮಾತ್ರ ಎರಡು ಸ್ಟಾಪ್ ಬೆಳಕು ಕೊಟ್ಟಾಗ ಬಂಡೆ, ಮಡು, ನೀರಲ್ಲಿ ಬಿದ್ದ ಆಕಾಶದ ಬಣ್ಣ ಎಲ್ಲಾ ಎದ್ದು ಬಂತು. ಜೆಪೆಗ್ ಆಗಿದ್ರೆ ಅರ್ಧ ದಾರೀಲೇ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೀತಿತ್ತು. ರಾ ಫೈಲಿಗೆ ಇನ್ನೊಂದು ಲಾಭ ಇದೆ. ಕೆಲವೊಮ್ಮೆ ಸೂರ್ಯಾಸ್ತದಲ್ಲಿ ಕೆಂಪು ಬಕೆಟ್ ಮಾತ್ರ ತುಂಬಿರತ್ತೆ, ಉಳಿದೆರಡು ತುಂಬಿರಲ್ಲ. ಆಗ ಸ್ವಲ್ಪ ಮಟ್ಟಿಗೆ ವಿವರ ವಾಪಸ್ ಸಿಗತ್ತೆ.

ತೀರ್ಪು: ಎರಡನೆಯದಕ್ಕೆ ಕೈ ಹಾಕಿ. ಮೂರನೆಯದನ್ನ ಬಿಡಿ, ಅದೇ ಜಾಗದ ಎರಡನೆಯದು ಹೇಗೂ ಕೈಲಿದೆಯಲ್ಲ.

ಇದೇ ಲೆಕ್ಕ ಬೇರೆ ಐಬುಗಳಿಗೂ ಹಾಕಿ:

- ಸೆನ್ಸರ್ ಮೇಲಿನ ಧೂಳಿನ ಚುಕ್ಕಿ, ಬಣ್ಣ ಹಳದಿಗೆ ತಿರುಗಿರೋದು: ಸುಲಭ. ಯೋಚನೆ ಮಾಡೋದೇ ಬೇಡ.
- ಧೂಳು, ಮಬ್ಬು: ಅಡಗಿದ್ದು, ಆದ್ರೆ ಅರ್ಧ ಮಾತ್ರ. ಹತ್ತಿರದ ಬೆಟ್ಟ ಬರತ್ತೆ, ಅದರ ಹಿಂದಿನದು ಬರಲ್ಲ. ಡಿಹೇಜ್ ಜಾಸ್ತಿ ಎಳೆದ್ರೆ ಆಕಾಶದಲ್ಲಿ ಕೊಳೆ ಕಾಣತ್ತೆ.
- ಸೊಟ್ಟ: ಸರಿ ಮಾಡಬಹುದು, ಆದ್ರೆ ಬೆಲೆ ಇದೆ. 3:2 ಅಳತೆಯ ಫೋಟೋನ 2 ಡಿಗ್ರಿ ತಿರುಗಿಸಿ ಅದೇ ಅಳತೆಗೆ ಕತ್ತರಿಸಿದ್ರೆ ಸುಮಾರು ಶೇಕಡಾ 10 ಜಾಗ ಹೋಗತ್ತೆ. 5 ಡಿಗ್ರಿ ಆದ್ರೆ ಶೇಕಡಾ 21. ಅಂಚಲ್ಲಿ ಮುಖ್ಯವಾದ್ದು ಏನಾದ್ರೂ ಇದೆಯಾ ನೋಡ್ಕೊಳ್ಳಿ.
- ಫೋಕಸ್ ತಪ್ಪಿದ್ದು, ಕೈ ಅಲ್ಲಾಡಿದ್ದು: ಕಳೆದುಹೋಗಿದ್ದು. ಶಾರ್ಪನ್ ಮಾಡಿದ್ರೆ ಅಂಚುಗಳ ಪಕ್ಕ ಗೆರೆ ದಪ್ಪ ಆಗತ್ತೆ ಅಷ್ಟೇ. ಇಲ್ಲದ ಎಲೆ ಹುಟ್ಟಲ್ಲ.

ಒಂದೇ ಫೋಟೋದಲ್ಲಿ ಎರಡೂ ಇದ್ದಾಗ

ನಾಲ್ಕನೇ ಚಿತ್ರ ಸ್ವಾರಸ್ಯದ್ದು. ಗುಂಪಿನ ಒಬ್ಬರು ಮನಮಾಡ್‌ನಿಂದ ರೈಲಲ್ಲಿ ಬಂದು ರೋಟೆಗಾಂವ್‌ನಲ್ಲಿ ಇಳಿದ್ರು. ವೈಜಾಪುರಕ್ಕೆ ಅದೇ ಸ್ಟೇಷನ್. ದಾರೀಲಿ ಅಂಕಾಯಿ-ಟಂಕಾಯಿ ಅವಳಿ ಕೋಟೆ ಕಾಣತ್ತೆ. ಕಿಟಕಿಯಿಂದ ಕ್ಲಿಕ್ ಮಾಡಿದ್ದಾರೆ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಜಾಲಿ ಗಿಡಗಳು ಬಣ್ಣದ ಗೆರೆಗಳಾಗಿ ಅಳಿಸಿಹೋಗಿವೆ. ಬಲಗಡೆ ಗಾಜಿನಲ್ಲಿ ಎದುರು ಸೀಟಿನವರ ಅಂಗಿಯ ಪ್ರತಿಬಿಂಬ.

ಲೆಕ್ಕ ನೋಡಿ. ರೈಲು ಗಂಟೆಗೆ 80 ಕಿ.ಮೀ. ಅಂದ್ರೆ ಸೆಕೆಂಡಿಗೆ 22 ಮೀಟರ್. ಸೆಕೆಂಡಿನ 60ನೇ ಒಂದು ಭಾಗದ ಶಟರಿನಲ್ಲಿ ರೈಲು 37 ಸೆಂಟಿಮೀಟರ್ ಮುಂದೆ ಹೋಗಿರತ್ತೆ, ಮುಕ್ಕಾಲು ಮೊಳಕ್ಕಿಂತ ಜಾಸ್ತಿ. ಹಳಿ ಪಕ್ಕದ ಗಿಡಕ್ಕೆ ಇದು ದೊಡ್ಡ ಚಲನೆ. ಎರಡು ಕಿಲೋಮೀಟರ್ ಆಚೆಗಿನ ಬೆಟ್ಟಕ್ಕೆ? ಒಂದು ಪಿಕ್ಸೆಲ್‌ನಷ್ಟೂ ಅಲ್ಲ. ಹಾಗಾಗಿ ಬೆಟ್ಟದ ಬಸಾಲ್ಟ್ ಪದರಗಳು, ಮೆಟ್ಟಿಲು ಮೆಟ್ಟಿಲಾದ ಆ ಗೆರೆಗಳು, ಚೊಕ್ಕವಾಗಿ ಬಂದಿವೆ.

ಗಿಡ ಸರಿ ಮಾಡೋಕೆ ಹೋಗ್ಬೇಡಿ, ಕತ್ತರಿಸಿ. ಕೆಳಗಿನ ಭಾಗ, ಬಲಗಡೆಯ ಪ್ರತಿಬಿಂಬ ಎರಡನ್ನೂ ಬಿಟ್ರೆ ಉದ್ದಕ್ಕೆ ಹಾಸಿದ ಪನೋರಮಾ ಸಿಗತ್ತೆ, ಎರಡು ಕೋಟೆ ಮತ್ತೆ ನಡುವಿನ ಕಣಿವೆ. ಪಿಕ್ಸೆಲ್ ಸಾಕಾಗತ್ತಾ ಅನ್ನೋ ಭಯ ಬೇಡ. 24 ಮೆಗಾಪಿಕ್ಸೆಲ್ ಫೋಟೋನ ಉದ್ದ ಅಗಲ ಎರಡರಲ್ಲೂ ಅರ್ಧ ಮಾಡಿದ್ರೂ 6 ಮೆಗಾಪಿಕ್ಸೆಲ್ ಉಳಿಯತ್ತೆ, 10 ಇಂಚು ಅಗಲದ ಪ್ರಿಂಟಿಗೆ ಧಾರಾಳ ಸಾಕು.

ತೀರ್ಪು: ಕತ್ತರಿಸಿ, ಸ್ವಲ್ಪ ಕಾಂಟ್ರಾಸ್ಟ್ ಕೊಡಿ, ಮುಗೀತು. ಐದು ನಿಮಿಷದ ಕೆಲಸ.

ಪ್ರಶ್ನೆ 3: ಮತ್ತೆ ಹೋಗಿ ತೆಗೆಯೋಕೆ ಆಗತ್ತಾ?

ಇಲ್ಲಿ ಒಂದು ಹಳೆ ಕಥೆ ಹೇಳ್ಬೇಕು. 1941ರ ನವೆಂಬರ್ 1. ಅಮೆರಿಕದ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೋದ ರಸ್ತೆಯಲ್ಲಿ ಕಾರಲ್ಲಿ ಹೋಗ್ತಿದ್ರು. ಹೆರ್ನಾಂಡೆಜ್ ಅನ್ನೋ ಸಣ್ಣ ಹಳ್ಳಿ. ಪೂರ್ವಕ್ಕೆ ಚಂದ್ರ ಎದ್ದಿದ್ದಾನೆ, ಪಶ್ಚಿಮದ ಕೊನೇ ಬಿಸಿಲು ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಬಿದ್ದಿದೆ. ಕಾರು ನಿಲ್ಲಿಸಿ ದೊಡ್ಡ ಕ್ಯಾಮೆರಾ ಜೋಡಿಸಿದ್ರು. ಬೆಳಕಿನ ಮೀಟರ್ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟು ಅನ್ನೋ ಅಂಕಿ ನೆನಪಿತ್ತು, ಅದರ ಮೇಲೆ ಮನಸ್ಸಲ್ಲೇ ಲೆಕ್ಕ ಹಾಕಿ ಒಂದು ನೆಗೆಟಿವ್ ತೆಗೆದ್ರು. ಎರಡನೆಯದಕ್ಕೆ ಸಿದ್ಧ ಆಗೋ ಹೊತ್ತಿಗೆ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು.

ಆ ಒಂದೇ ನೆಗೆಟಿವ್ ಸುಲಭದ್ದಲ್ಲ. ಮುಂಭಾಗ ತೆಳುವಾಗಿತ್ತು, ನಮ್ಮ ಭಾಷೇಲಿ ಅಂಡರ್‌ಎಕ್ಸ್‌ಪೋಸ್. ಪ್ರಿಂಟ್ ಮಾಡೋದು ಪ್ರತಿ ಸಲ ಕಷ್ಟ. ಕೊನೆಗೆ 1948ರಲ್ಲಿ ಅವರು ನೆಗೆಟಿವ್‌ನ ಕೆಳಭಾಗವನ್ನ ಮಾತ್ರ ರಾಸಾಯನಿಕದಲ್ಲಿ ಅದ್ದಿ ಗಟ್ಟಿ ಮಾಡಿದ್ರು. ಮುಂದಿನ ದಶಕಗಳಲ್ಲಿ ಅದರಿಂದ ಸಾವಿರಕ್ಕೂ ಹೆಚ್ಚು ಪ್ರಿಂಟ್ ಮಾಡಿದ್ರು. ಬರ್ತಾ ಬರ್ತಾ ಆಕಾಶವನ್ನ ಇನ್ನಷ್ಟು ಕಪ್ಪಾಗಿಸಿದ್ರು. ಪ್ರಪಂಚದ ಅತ್ಯಂತ ಹೆಸರಾದ ಲ್ಯಾಂಡ್‌ಸ್ಕೇಪ್‌ಗಳಲ್ಲಿ ಒಂದು ಇದು, ‘ಮೂನ್‌ರೈಸ್, ಹೆರ್ನಾಂಡೆಜ್’.

ಅಷ್ಟು ಕಷ್ಟ ಪಡೋಕೆ ಅದು ಯಾಕೆ ಯೋಗ್ಯ ಆಯ್ತು? ನಮ್ಮ ಪ್ರಶ್ನೆಗಳನ್ನೇ ಹಾಕಿ ನೋಡಿ. ತಪ್ಪಿನ ಹಿಂದೆ ಚಿತ್ರ ಇತ್ತು. ಬೇಕಾದ್ದು ತೆಳುವಾಗಿತ್ತು, ಕಳೆದುಹೋಗಿರಲಿಲ್ಲ. ಆ ಬೆಳಕು ಮತ್ತೆ ಸಿಗೋ ಹಾಗಿರಲಿಲ್ಲ.

ನಮ್ಮ ಬೇವಿನ ಮರ ಹಾಗಲ್ಲ. ಅದು ಅಲ್ಲೇ ಇರತ್ತೆ. ಪುಣೆಯಿಂದ ನಾಲ್ಕೈದು ಗಂಟೆ ದಾರಿ, ಹೇಗೂ ಮುಂದಿನ ವರ್ಷ ಮತ್ತೆ ಶಿರಡಿ ಆಗತ್ತೆ. ಚಳಿಗಾಲದ ಬೆಳಿಗ್ಗೆ ಏಳು ಗಂಟೆಗೆ ಅಲ್ಲಿ ನಿಂತ್ರೆ, ಎರಡು ಗಂಟೆ ಎಡಿಟ್ ಮಾಡಿದ್ರೂ ಸಿಗದ ನೆರಳು ತಾನಾಗೇ ಸಿಗತ್ತೆ. ಅಂಥ ಫೋಟೋನ ಎಡಿಟ್ ಮಾಡೋ ಬದಲು ಫೋನಿನ ನಕ್ಷೆಯಲ್ಲಿ ಒಂದು ಪಿನ್ ಹಾಕಿಡಿ. ಒಂದು ಮಾತು: ಸಮೃದ್ಧಿ ಮಹಾಮಾರ್ಗ ಈ ತಾಲೂಕಿನ ಮೂಲಕವೇ ಹೋಗತ್ತೆ. ಎಕ್ಸ್‌ಪ್ರೆಸ್‌ವೇ ಬದಿಯಲ್ಲಿ ಫೋಟೋಗೋಸ್ಕರ ಗಾಡಿ ನಿಲ್ಲಿಸ್ಬೇಡಿ. ಇಳಿದು ಹಳ್ಳಿ ರಸ್ತೆ ಹಿಡೀರಿ, ಚಿತ್ರಗಳಿರೋದೂ ಅಲ್ಲೇ.

ಈಗ ಐದನೇ ಚಿತ್ರ. ವಿಡಿಯೋ ಮಾಡುವಾಗ ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ.

ಮತ್ತೆ ಗೋದಾವರಿ ದಡ. ಗೆಳೆಯರೊಬ್ಬರ ಅಮ್ಮ ದಾವಣಗೆರೆಯಿಂದ ಬಂದಿದ್ರು. ಮಗ ತೆಗೆದಿದ್ದು ನದಿಯ ಫೋಟೋ. ಎಡ ಮೂಲೆಯಲ್ಲಿ ಅಮ್ಮ, ಚಿಕ್ಕದಾಗಿ, ಸೀರೆ ಸ್ವಲ್ಪ ಎತ್ತಿ ಹಿಡಿದು ನೀರಿಗೆ ಕಾಲಿಡ್ತಾ ಇದ್ದಾರೆ. ಕೈ ಅಲ್ಲಾಡಿದೆ, ಮುಖ ಮಸುಕು. ತಾಂತ್ರಿಕವಾಗಿ ಕಳೆದುಹೋಗಿರೋ ಫೋಟೋ, ಎರಡನೇ ಪ್ರಶ್ನೆಯಲ್ಲೇ ಫೇಲ್.

ಆದ್ರೆ ಅವರಿಗೆ ಈ ನದಿ ಬರೀ ಪ್ರವಾಸಿ ಜಾಗ ಅಲ್ಲ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಹೇಳತ್ತೆ ಅನ್ನೋದನ್ನ ಶಾಲೇಲಿ ಓದಿದವರು. ಆ ಗೋದಾವರಿ ಇದೇ. ಮುಂದೆ ನೋಡೋಕೆ ಹೊರಟಿದ್ದ ಎಲ್ಲೋರಾದ ಕೈಲಾಸನಾಥ ದೇವಾಲಯ ಕೂಡ ಅದೇ ರಾಷ್ಟ್ರಕೂಟರದ್ದು, ಒಂದನೇ ಕೃಷ್ಣನ ಕಾಲದ್ದು. ದಾವಣಗೆರೆಯ ಒಬ್ಬ ತಾಯಿ ಆ ನದಿಗೆ ಮೊದಲ ಸಲ ಕಾಲಿಟ್ಟ ಗಳಿಗೆ ಇನ್ನೊಂದು ಸಲ ಬರಲ್ಲ. ಮತ್ತೆ ಹೋಗಿ ನಿಲ್ಲಿಸಿ ತೆಗೆದ್ರೆ ಅದು ಪೋಸ್ ಆಗತ್ತೆ.

ಹಾಗಾದ್ರೆ ಎಡಿಟ್ ಮಾಡೋದಾ? ಮಾಡಿ, ಆದ್ರೆ ಎಷ್ಟು ಅನ್ನೋದು ಗೊತ್ತಿರಲಿ. ಬೆಳಕು ಸ್ವಲ್ಪ ಏರಿಸಿ, ನೇರ ಮಾಡಿ, ಬಲಗಡೆಯ ಖಾಲಿ ಜಾಗ ಕತ್ತರಿಸಿ ಅಮ್ಮನನ್ನ ಸ್ವಲ್ಪ ಹತ್ತಿರಕ್ಕೆ ತನ್ನಿ. ಮುಖ ಮಾತ್ರ ಮುಟ್ಟಬೇಡಿ. ಈಗಿನ ಎಐ ಆಪ್‌ಗಳು ಒಂದೇ ಒತ್ತಿಗೆ ಮಸುಕು ಮುಖವನ್ನ ಸ್ಪಷ್ಟ ಮಾಡಿಕೊಡ್ತವೆ. ಅವು ಮಾಡೋದು ಊಹೆ. ಕಣ್ಣು, ಮೂಗು, ಸುಕ್ಕು ಎಲ್ಲಾ ಲಕ್ಷಾಂತರ ಬೇರೆ ಮುಖಗಳಿಂದ ಕಲಿತು ಕೂರಿಸಿದ್ದು. ಬರೋದು ಅಮ್ಮನ ವಯಸ್ಸಿನ ಯಾರದೋ ಮುಖ. ಇಪ್ಪತ್ತು ವರ್ಷ ಆದ್ಮೇಲೆ ಆಲ್ಬಂ ತೆಗೆದಾಗ ನಿಮಗೆ ಬೇಕಾಗಿರೋದು ಆ ಯಾರೋ ಅಲ್ಲ. ಮಸುಕಾಗಿದ್ರೂ ಸೀರೆ ಎತ್ತಿ ಹಿಡಿದ ಆ ಕೈ, ಬಗ್ಗಿದ ಆ ಬೆನ್ನು ನಿಮ್ಮ ಅಮ್ಮನದ್ದೇ.

ತೀರ್ಪು: ಇಟ್ಕೊಳ್ಳಿ. ಪ್ರಿಂಟ್ ಹಾಕಿಸಿ. ದೊಡ್ಡದು ಬೇಡ, ಪೋಸ್ಟ್‌ಕಾರ್ಡ್ ಗಾತ್ರ ಸಾಕು. ಸಣ್ಣ ಪ್ರಿಂಟಲ್ಲಿ ಮಸುಕು ಅಷ್ಟಾಗಿ ಕಾಣಲ್ಲ.

ಪ್ರಶ್ನೆ 4: ಸರಿ ಮಾಡಿದ ಮೇಲೂ ಅದು ಅದೇ ಜಾಗವಾ?

ಕೊನೇ ಚಿತ್ರ. ಸಂಜೆ, ಮುಂಗಾರಿಗೆ ಮುಂಚಿನ ಗುಡುಗು ಮೋಡ ಬಯಲಿನ ತುದಿಯಲ್ಲಿ ಗೋಡೆ ಹಾಗೆ ಎದ್ದಿದೆ. ಮುಂದೆ ಈರುಳ್ಳಿ ತುಂಬಿದ ‘ಕಾಂದಾ ಚಾಳ್’, ಗಾಳಿಯಾಡೋ ಹಾಗೆ ಪಟ್ಟಿ ಪಟ್ಟಿ ಹೊಡೆದ ಉದ್ದನೆ ಕೊಟ್ಟಿಗೆ. ಪಕ್ಕದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಮೋಡದ ಅಡಿಯಿಂದ ನುಸುಳಿದ ಬಿಸಿಲು ಚಾಳ್‌ನ ಮೇಲೆ ಬಿದ್ದಿದೆ. ಥಂಬ್‌ನೇಲಲ್ಲೇ ಎದ್ದು ಕಾಣೋ ಚಿತ್ರ. ಐಬು ಎರಡು: ಸುಮಾರು 2 ಡಿಗ್ರಿ ಸೊಟ್ಟ, ಆಕಾಶದ ಅಡ್ಡಕ್ಕೆ ನಾಲ್ಕು ಕರೆಂಟ್ ತಂತಿ.

ಸೊಟ್ಟ ಸರಿ ಮಾಡಿ. ತಂತಿ?

ಅಳಿಸೋದು ಈಗ ಮಕ್ಕಳಾಟ. 2021ರಲ್ಲಿ ಗೂಗಲ್ ಪಿಕ್ಸೆಲ್ ಫೋನಲ್ಲಿ ಮ್ಯಾಜಿಕ್ ಇರೇಸರ್ ಬಂತು, 2024ರಲ್ಲಿ ಲೈಟ್‌ರೂಮಲ್ಲಿ ಜನರೇಟಿವ್ ರಿಮೂವ್ ಬಂತು. ತಂತಿ, ಕಂಬ, ಆ ಪ್ಲಾಸ್ಟಿಕ್ ಹೊಂಡ ಎಲ್ಲಾ ಒರೆಸಿ ‘ಕ್ಲೀನ್’ ಮಾಡಬಹುದು.

ಆದ್ರೆ ಆ ಹೊಂಡ ಯಾಕಿದೆ ಯೋಚಿಸಿ. ಇದು ಮರಾಠವಾಡಾ, ಮತ್ತೆ ಮತ್ತೆ ಬರ ಕಾಣೋ ನಾಡು. ನಾಸಿಕ್ ಜಿಲ್ಲೆಯ ನಾಂದೂರ ಮಧ್ಯಮೇಶ್ವರದಿಂದ ಕಾಲುವೆಯಲ್ಲಿ ವೈಜಾಪುರ, ಗಂಗಾಪುರ ತಾಲೂಕುಗಳಿಗೆ ನೀರು ಬರತ್ತೆ. ಹೊಲದ ಹೊಂಡದಲ್ಲಿ ಹಿಡಿದಿಟ್ಟ ನೀರು, ಅದನ್ನೆತ್ತೋ ಪಂಪು, ಪಂಪಿಗೆ ಬರೋ ತಂತಿ, ಆ ನೀರಲ್ಲಿ ಬೆಳೆದ ಈರುಳ್ಳಿ, ಮೇಲೆ ಇವತ್ತೋ ನಾಳೆಯೋ ಸುರಿಯೋ ಮೋಡ. ಇವೆಲ್ಲಾ ಸೇರಿದ್ರೇನೇ ಆ ಫೋಟೋ ಏನಾದ್ರೂ ಹೇಳತ್ತೆ. ತಂತಿ ಹೊಂಡ ಒರೆಸಿದ್ರೆ ಉಳಿಯೋದು ಮೋಡದ ವಾಲ್‌ಪೇಪರ್. ಅದು ಟೆಕ್ಸಾಸಲ್ಲೂ ಸಿಗತ್ತೆ.

ಹಾಗಂತ ಯಾವುದನ್ನೂ ಅಳಿಸಲೇಬಾರದು ಅಂತಲ್ಲ. ಗಾಳಿಗೆ ಹಾರಿ ಬಂದ ಒಂದು ಪ್ಲಾಸ್ಟಿಕ್ ಚೀಲ ಅಳಿಸಿದ್ರೆ ನನಗೇನೂ ತಕರಾರಿಲ್ಲ. ಅದು ಆ ಗಳಿಗೆಯದು, ಜಾಗದ್ದಲ್ಲ. ಎರಡು ಚಿತ್ರ ಸೇರಿಸಿ ಒಂದು ಮಾಡೋದೂ ಹೊಸದಲ್ಲ. 1850ರ ದಶಕದ ಫೋಟೋ ಗಾಜುಗಳಲ್ಲಿ ಆಕಾಶ ಬರೀ ಬಿಳಿಯಾಗಿ ಬರ್ತಿತ್ತು ಅಂತ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಒಂದೇ ಪ್ರಿಂಟಲ್ಲಿ ಕೂಡಿಸಿದ್ರು. ಆದ್ರೆ ಮಾಡಿದ್ದನ್ನ ಹೇಳ್ಬೇಕು. ಸ್ಪರ್ಧೆಗೆ ಕಳಿಸೋರಂತೂ ನಿಯಮ ಓದಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ, ಇಂಥ ಸಂಸ್ಥೆಗಳು ಸಲಾನ್ ನಡೆಸ್ತವೆ. ಪಿಎಸ್‌ಎ, ಎಫ್‌ಐಎಪಿ, ಆರ್‌ಪಿಎಸ್ ಸೇರಿ ಒಪ್ಪಿರೋ ‘ನೇಚರ್’ ವಿಭಾಗದ ವ್ಯಾಖ್ಯೆ ಪ್ರಕಾರ ಕತ್ತರಿಸೋದು ಬಿಟ್ಟು ಬೇರೆ ರೀತೀಲಿ ಏನನ್ನೂ ತೆಗೆಯೋ ಹಾಗಿಲ್ಲ, ಸೇರಿಸೋ ಹಾಗಿಲ್ಲ.

ತೀರ್ಪು: ನೇರ ಮಾಡಿ, ಚಾಳ್ ಮೇಲಿನ ಬಿಸಿಲನ್ನ ಸ್ವಲ್ಪ ಎತ್ತಿ ಕೊಡಿ, ತಂತಿ ಇರಲಿ. ಆರರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಇದು.

ಮನೆಗೆ ತಗೊಂಡು ಹೋಗೋಕೆ

ಮುಂದಿನ ಟ್ರಿಪ್ ಮುಗಿದ ಮೇಲೆ ಹೀಗೆ ಮಾಡಿ ನೋಡಿ.

1. ಬಂದ ದಿನವೇ ಕೂರಬೇಡಿ. ಎರಡು ಮೂರು ದಿನ ಬಿಡಿ. ಆ ಜಾಗದ ಖುಷಿ ಇಳಿಯಲಿ, ಆಗ ಕಣ್ಣಿಗೆ ಫೋಟೋ ಮಾತ್ರ ಕಾಣತ್ತೆ.
2. ಥಂಬ್‌ನೇಲಲ್ಲಿ ನೋಡಿ ಆರಿಸಿ. ಯಾಕೆ ಕ್ಲಿಕ್ ಮಾಡಿದ್ದು ಅನ್ನೋದನ್ನ ಒಂದು ವಾಕ್ಯದಲ್ಲಿ ಹೇಳೋಕೆ ಬರಬೇಕು. ‘ಚೆನ್ನಾಗಿತ್ತು’ ಅನ್ನೋದು ವಾಕ್ಯ ಅಲ್ಲ. ‘ಮಳೆ ಮೋಡದ ಮುಂದೆ ಈರುಳ್ಳಿ ಚಾಳ್ ಹೊಳೀತಿತ್ತು’ ಅನ್ನೋದು ವಾಕ್ಯ.
3. ಎರಡು ನಿಮಿಷದ ಪರೀಕ್ಷೆ: ಎಕ್ಸ್‌ಪೋಷರ್ ಪೂರ್ತಿ ಇಳಿಸಿ, ಆಕಾಶದಲ್ಲಿ ಏನಾದ್ರೂ ಬಂತಾ? ಪೂರ್ತಿ ಏರಿಸಿ, ನೆರಳಲ್ಲಿ ಏನಾದ್ರೂ ಇದೆಯಾ? ನೇರ ಮಾಡಿ, ಬೇಡದ್ದು ಕತ್ತರಿಸಿ. ಇಷ್ಟಕ್ಕೇ ಚಿತ್ರ ಉಸಿರಾಡೋಕೆ ಶುರು ಮಾಡಿದ್ರೆ ಮುಂದೆ ಹೋಗಿ. ಇಲ್ಲ ಅಂದ್ರೆ ನಿಲ್ಲಿಸಿ.
4. ಮತ್ತೆ ಸಿಗೋ ಜಾಗ ಆದ್ರೆ ಪಿನ್ ಹಾಕಿ. ಮತ್ತೆ ಸಿಗದ ಗಳಿಗೆ ಆದ್ರೆ ತಾಂತ್ರಿಕ ನಿಯಮ ಸಡಿಲ ಮಾಡಿ, ಊಹೆ ಮಾಡೋ ಉಪಕರಣ ಮಾತ್ರ ದೂರ ಇಡಿ.
5. ಎಡಿಟ್ ಮುಗಿದ ಮೇಲೆ ಮುಂಚಿನದು, ಆಮೇಲಿನದು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ. ‘ಬೇರೆ ಆಗಿದೆ’ ಅನ್ಸಿದ್ರೆ ಸಾಲದು, ‘ನಾನು ಕಂಡಿದ್ದು ಇದನ್ನೇ’ ಅನ್ನಿಸಬೇಕು.

ಬಿಟ್ಟ ಫೋಟೋನೆಲ್ಲ ಡಿಲೀಟ್ ಮಾಡ್ಬೇಕು ಅಂತೇನಿಲ್ಲ. ರಾ ಫೈಲ್ ಇದ್ರೆ ಒಂದು ಫೋಲ್ಡರಲ್ಲಿ ಹಾಕಿಡಿ. 2023ರ ಏಪ್ರಿಲಲ್ಲಿ ಲೈಟ್‌ರೂಮಿಗೆ ಎಐ ಡಿನಾಯ್ಸ್ ಬಂದ ಮೇಲೆ, ಕಸರು ತುಂಬಿದೆ ಅಂತ ಬಿಟ್ಟಿದ್ದ ಎಷ್ಟೋ ಹಳೆ ಕತ್ತಲೆ ಚಿತ್ರಗಳು ಕೆಲಸಕ್ಕೆ ಬಂದ್ವು. ಅಡಗಿದ್ದನ್ನ ಹೊರಗೆ ತೆಗೆಯೋ ಉಪಕರಣ ವರ್ಷ ವರ್ಷ ಸುಧಾರಿಸ್ತಾ ಹೋಗತ್ತೆ. ಬೇವಿನ ಮರಕ್ಕೆ ಬೇಕಾದ ಬೆಳಕು ಮಾತ್ರ ಯಾವ ಅಪ್‌ಡೇಟಲ್ಲೂ ಬರಲ್ಲ. ಅದಕ್ಕೆ ಬೆಳಿಗ್ಗೆ ಎದ್ದು ಅಲ್ಲಿಗೇ ಹೋಗ್ಬೇಕು.

ಆರು ಚಿತ್ರದಲ್ಲಿ ಎರಡು ಬಿಟ್ವಿ, ನಾಲ್ಕು ಉಳಿಸಿದ್ವಿ. ತೀರ್ಮಾನಕ್ಕೆ ಹತ್ತು ನಿಮಿಷ, ಎಡಿಟಿಂಗಿಗೆ ಮುಕ್ಕಾಲು ಗಂಟೆ. ಭಾನುವಾರ ಇನ್ನೂ ಬಾಕಿ ಇದೆ. ಊರಿಗೆ ಒಂದು ಫೋನ್ ಮಾಡಿ, ಆಮೇಲೆ ಆ ಪೋಸ್ಟ್‌ಕಾರ್ಡ್ ಪ್ರಿಂಟಿಗೆ ಕೊಟ್ಟು ಬನ್ನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.